ಚಿತ್ರ ನೋಡಿದರೆ ಟ್ಯೂನ್ ಹುಟ್ಟುತ್ತಾ?

"ನೀವು ಸಂಗೀತದವರು, ಚಿತ್ರಕಲಾ ಪ್ರದರ್ಶನದಲ್ಲಿ ನಿಮಗೇನು ಕೆಲಸ?" ಕೇಳುವವರು ಬೇರೆ ಬೇರೆ, ಪ್ರಶ್ನೆ ಒಂದೇ. ಕೆಲವರು ಇನ್ನೂ ಮುಂದೆ ಹೋಗಿ, ನೀಲಿ ಬಣ್ಣ ಕಂಡರೆ ಯಾವ ಸ್ವರ ಕೇಳುತ್ತದೆ ಅಂತಲೂ ವಿಚಾರಿಸುತ್ತಾರೆ. ಯಾವುದೂ ಕೇಳುವುದಿಲ್ಲ. ಬಣ್ಣ ಮತ್ತು ಸ್ವರ ಒಂದಾಗಿ ಅನುಭವಕ್ಕೆ ಬರುವವರು ಇದ್ದಾರೆ, ನಿಜ. ಆ ಪೈಕಿ ನಾನಲ್ಲ. ನೀಲಿ ನನಗೆ ಬರೀ ನೀಲಿ.

ಸೂರ್ಯಾಸ್ತದ ಚಿತ್ರ ನೋಡಿ ಸಂಜೆಯ ರಾಗದಲ್ಲಿ ಟ್ಯೂನ್ ಕಟ್ಟುವ ಕೆಲಸ ಮೊದಮೊದಲು ನಾನೂ ಮಾಡಿದ್ದೇನೆ. ಕೇಳಿದರೆ ಯಾವುದೋ ಧಾರಾವಾಹಿಯ ಹಿನ್ನೆಲೆ ಸಂಗೀತದ ಹಾಗಿತ್ತು. ಚಿತ್ರದಲ್ಲಿ ಏನಿದೆ ಅನ್ನುವುದು ನನ್ನ ಉಪಯೋಗಕ್ಕೆ ಬರಲಿಲ್ಲ. ಅದನ್ನು ಹೇಗೆ ಕಟ್ಟಿದ್ದಾರೆ, ಎಲ್ಲಿ ಕೈ ತಡೆದಿದ್ದಾರೆ ಅನ್ನುವುದು ಬಂತು.

ಯಾನಿಸ್ ಕ್ಸೆನಾಕಿಸ್ ಅಂತ ಒಬ್ಬ ಸಂಯೋಜಕ. ಎಂಜಿನಿಯರಿಂಗ್ ಓದಿ, ಪ್ಯಾರಿಸ್‌ನಲ್ಲಿ ವಾಸ್ತುಶಿಲ್ಪಿ ಲ ಕಾರ್ಬುಸಿಯೇ ಬಳಿ ಕೆಲಸಕ್ಕಿದ್ದವರು. 1953–54ರಲ್ಲಿ ‘ಮೆಟಾಸ್ಟಾಸಿಸ್’ ಅನ್ನುವ ಕೃತಿ ಬರೆಯುವಾಗ ತಂತಿವಾದ್ಯಗಳ ಜಾರುಗಳನ್ನು, ಅಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ನುಡಿಕೆಗಳನ್ನು, ಗ್ರಾಫ್ ಹಾಳೆಯ ಮೇಲೆ ಗೆರೆಗಳಾಗಿ ಎಳೆದರು. ಎಡದಿಂದ ಬಲಕ್ಕೆ ಕಾಲ, ಕೆಳಗಿನಿಂದ ಮೇಲಕ್ಕೆ ಶ್ರುತಿ, ಅಂದರೆ ಸ್ವರದ ಎತ್ತರ. ಒಂದೊಂದು ವಾದ್ಯಕ್ಕೆ ಒಂದೊಂದು ನೇರ ಗೆರೆ, ಪ್ರತಿಯೊಂದರ ಓರೆ ಸ್ವಲ್ಪ ಬೇರೆ. ಯಾವ ಗೆರೆಯೂ ಬಾಗಿಲ್ಲ, ಆದರೆ ಎಲ್ಲ ಒಟ್ಟಿಗೆ ಸೇರಿದ ಕಡೆ ಕಣ್ಣಿಗೆ ಬಾಗು ಕಾಣುತ್ತದೆ. 1958ರ ಬ್ರಸೆಲ್ಸ್ ವಿಶ್ವಮೇಳಕ್ಕೆ ಫಿಲಿಪ್ಸ್ ಕಂಪನಿಯ ಮಂಟಪದ ವಿನ್ಯಾಸ ಮಾಡುವಾಗ ಇದೇ ಯೋಚನೆ ಬಾಗಿದ ಗೋಡೆಗಳಾಯಿತು.

ಅಷ್ಟು ದೊಡ್ಡ ತಲೆ ನನ್ನದಲ್ಲ. ಆದರೆ ಗ್ರಾಫ್ ಹಾಳೆ ಯಾರಿಗಾದರೂ ಸಿಗುತ್ತದಲ್ಲ! ಎರಡು ವಾರದಿಂದ ಚರಣದಲ್ಲಿ ಸಿಕ್ಕಿಕೊಂಡಿದ್ದ ಒಂದು ಟ್ಯೂನನ್ನು ಪೆನ್ಸಿಲಿನಲ್ಲಿ ಎಳೆದು ನೋಡಿದೆ. ನಾಲ್ಕು ಸಾಲು, ನಾಲ್ಕು ಗುಡ್ಡ, ಎಲ್ಲವೂ ಒಂದೇ ಎತ್ತರ, ಗರಗಸದ ಹಲ್ಲಿನ ಹಾಗೆ. ಕಿವಿಗೆ ಎರಡು ವಾರ ಗೊತ್ತಾಗದ್ದು ಕಣ್ಣಿಗೆ ಒಂದೇ ನಿಮಿಷದಲ್ಲಿ ಗೊತ್ತಾಯಿತು. ಮೂರನೇ ಗುಡ್ಡವನ್ನು ಅಳಿಸಿ, ಅಲ್ಲಿ ಕೆಳಗಿನ ಸ್ವರವನ್ನು ಸುಮ್ಮನೆ ಎಳೆದು ನಿಲ್ಲಿಸಿದೆ. ನಾಲ್ಕನೆಯದಕ್ಕೆ ಆಗ ಎತ್ತರ ಬಂತು. ಅದರ ಒಂದು ಸ್ವರವನ್ನೂ ನಾನು ಮುಟ್ಟಿರಲಿಲ್ಲ.

ಚಿತ್ರಕಲೆಗಿಂತ ನನಗೆ ಹೆಚ್ಚು ಕಲಿಸಿದ್ದು ಅಕ್ಷರ ವಿನ್ಯಾಸ. ‘ಶಾಸ್ತ್ರ’ ಅಂತ ಬರೆಯಿರಿ. ‘ಸ’ದ ಕೆಳಗೆ ತಕಾರದ ಒತ್ತು, ರಕಾರದ ಒತ್ತು ಎರಡೂ ಇಳಿಯಬೇಕು. ಕೆಳಗಿನ ಸಾಲಿನಲ್ಲಿ ಅದೇ ಜಾಗಕ್ಕೆ ಒಂದು ‘ಕೀ’ ಬಂದರೆ ಅದರ ಗುಡಿಸು ಈ ಒತ್ತಿಗೆ ತಾಗುತ್ತದೆ. ಒತ್ತನ್ನು ತೀರಾ ಚಿಕ್ಕದು ಮಾಡಿದರೆ ಓದಲಾಗದು. ವಿನ್ಯಾಸ ಬಲ್ಲವರು ಸಾಲುಗಳ ನಡುವೆ ಜಾಗ ಬಿಡುತ್ತಾರೆ. ಮಿಕ್ಸಿಂಗ್‌ನಲ್ಲಿ, ಅಂದರೆ ದನಿ, ವಾದ್ಯಗಳನ್ನು ಹದವಾಗಿ ಬೆರೆಸುವಾಗ, ನಾನು ಮಾಡುತ್ತಿದ್ದುದು ಇದರ ತದ್ವಿರುದ್ಧ: ಹಾಡುವ ದನಿಗೆ ಚೆಲ್ಲೊ (ಪಿಟೀಲಿಗಿಂತ ದೊಡ್ಡ, ತಗ್ಗು ದನಿಯ ತಂತಿವಾದ್ಯ) ಅಡ್ಡ ಬಂದಾಗಲೆಲ್ಲ ಚೆಲ್ಲೊದ ವಾಲ್ಯೂಮ್ ಇಳಿಸುವುದು. ಕೊನೆಗೆ ಅದು ಇದ್ದೂ ಇಲ್ಲದ ಹಾಗೆ ಆಗುತ್ತಿತ್ತು. ಈಗ ವಾಲ್ಯೂಮ್ ಮುಟ್ಟುವುದಿಲ್ಲ, ಚೆಲ್ಲೊವನ್ನು ಗಾಯಕಿ ಉಸಿರು ತೆಗೆದುಕೊಳ್ಳುವ ಜಾಗಕ್ಕೆ ಸರಿಸುತ್ತೇನೆ.

ಖಾಲಿ ಜಾಗ ಅಂದರೆ ಅಮೆರಿಕದ ಸಂಯೋಜಕ ಜಾನ್ ಕೇಜ್ ಹೆಸರು ಬಂದೇ ಬರುತ್ತದೆ. ಚಿತ್ರಕಾರ ರಾಬರ್ಟ್ ರೌಷೆನ್‌ಬರ್ಗ್ 1951ರಲ್ಲಿ ಕ್ಯಾನ್ವಾಸ್‌ಗೆ ಬರೀ ಬಿಳಿ ಬಳಿದಿಟ್ಟರು. ಅದರ ಮೇಲೆ ಬೀಳುವ ನೆರಳು, ಬೆಳಕೇ ಚಿತ್ರ. ಮರುವರ್ಷ ಕೇಜ್ ಅವರ 4 ನಿಮಿಷ 33 ಸೆಕೆಂಡಿನ ಕೃತಿ ಬಂತು. ವಾದಕರು ಒಂದು ಸ್ವರವನ್ನೂ ನುಡಿಸುವುದಿಲ್ಲ. ಬಿಳಿ ಚಿತ್ರಗಳು ಮೊದಲು, ತನ್ನ ಮೌನದ ಕೃತಿ ಆಮೇಲೆ ಅಂತ ಕೇಜ್ ಅವರೇ ಬರೆದಿದ್ದಾರೆ. (ಅದನ್ನು ಎರಡನೇ ಸಲ ಕೂತು ಕೇಳುವ ತಾಳ್ಮೆ ನನಗಿಲ್ಲ ಅನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ.)

ಇಷ್ಟು ಹೇಳಿದ ಮೇಲೆ, "ಹಾಗಾದರೆ ನಾನು ಯಾವ ಚಿತ್ರ ನೋಡಲಿ?" ಅಂತ ಕೇಳುತ್ತಾರೆ. ಯಾವುದಾದರೂ ಸರಿ, ಇಷ್ಟವಾಗದಿದ್ದರೂ ಸರಿ. ನಾನು ಒಂದು ಪ್ರದರ್ಶನಕ್ಕೆ ಒಂದೇ ಚಿತ್ರ ಅಂತ ಇಟ್ಟುಕೊಂಡಿದ್ದೇನೆ. ಅರ್ಧ ಗಂಟೆ ಅದರ ಮುಂದೆ ನಿಂತು, ಕುಂಚ ಎಲ್ಲೆಲ್ಲಿ ತಾಗಿಲ್ಲ ಅಂತ ಹುಡುಕುತ್ತೇನೆ. ಉಳಿದ ಚಿತ್ರಗಳನ್ನು ನೋಡದೆ ಹೊರಟಾಗ ಜೊತೆಗೆ ಬಂದವರಿಗೆ ಸಿಟ್ಟು ಬರುತ್ತದೆ, ಅದಕ್ಕೇ ಒಬ್ಬರೇ ಹೋಗುವುದು ವಾಸಿ.