ತಮ್ಮನ ತುರಿಕೆಯೂ ಕರುಳಿನ ಬ್ಯಾಕ್ಟೀರಿಯಾವೂ

ತಮ್ಮನಿಗೆ ಮೊದಲು ಶುರುವಾಗಿದ್ದು ತುರಿಕೆ. ಅಂಗೈ, ಅಂಗಾಲು. ರಾತ್ರಿಯಾದರೆ ಜಾಸ್ತಿ. ತಿಪಟೂರಿನ ನಮ್ಮ ಮನೆಯಲ್ಲಿ ನಡುರಾತ್ರಿ ಎದ್ದು, ಬಚ್ಚಲಿನ ತಣ್ಣನೆ ಕಲ್ಲಿನ ಮೇಲೆ ಕಾಲಿಟ್ಟುಕೊಂಡು ಕೂತಿರುತ್ತಿದ್ದ. ಅಮ್ಮ ಕೊಬ್ಬರಿ ಎಣ್ಣೆ ಸವರುತ್ತಿದ್ದಳು. ಚರ್ಮದ ಡಾಕ್ಟರು ಮುಲಾಮು ಕೊಟ್ಟರು. ಹೀಗೇ ಏಳು ತಿಂಗಳು ಹೋಯಿತು.

ಕೊನೆಗೆ ರಕ್ತಪರೀಕ್ಷೆಯಲ್ಲಿ ಎಎಲ್‌ಪಿ, ಅಂದರೆ ಪಿತ್ತ ಸರಿಯಾಗಿ ಹರಿಯದಿದ್ದಾಗ ರಕ್ತದಲ್ಲಿ ಏರುವ ಒಂದು ಕಿಣ್ವ, ಇರಬೇಕಾದ್ದಕ್ಕಿಂತ ಮೂರು ಪಟ್ಟು ಬಂತು. ಪಿತ್ತನಾಳಗಳ ಚಿತ್ರ ತೆಗೆಯುವ ಎಂಆರ್‌ಸಿಪಿ ಸ್ಕ್ಯಾನ್ ಮಾಡಿಸಿದೆವು. ಬೆಂಗಳೂರಿನ ಲಿವರ್ ಡಾಕ್ಟರು ಪರದೆಯ ಮೇಲೆ ತೋರಿಸಿದರು: ಲಿವರ್‌ನಿಂದ ಕರುಳಿಗೆ ಪಿತ್ತರಸ ಒಯ್ಯುವ ಪಿತ್ತನಾಳ ಒಂದು ಕಡೆ ಕಿರಿದು, ಪಕ್ಕದಲ್ಲೇ ಉಬ್ಬು, ಮಣಿ ಪೋಣಿಸಿದ ಹಾಗೆ. ಪ್ರೈಮರಿ ಸ್ಕ್ಲಿರೋಸಿಂಗ್ ಕೊಲಾಂಜೈಟಿಸ್, ಚಿಕ್ಕದಾಗಿ ಪಿಎಸ್‌ಸಿ: ಪಿತ್ತನಾಳಗಳು ಉರಿಯೂತದಿಂದ ಗಾಯಗಟ್ಟಿ ಕಿರಿದಾಗುವ ಕಾಯಿಲೆ. ಅವನಿಗೆ ಆಗ 27 ವರ್ಷ.

'ಕೊಲೊನೋಸ್ಕೋಪಿಯೂ ಮಾಡಿಸಿ' ಅಂದರು ಡಾಕ್ಟರು, ಅಂದರೆ ಕ್ಯಾಮೆರಾ ಇರುವ ಕೊಳವೆ ಹಾಕಿ ದೊಡ್ಡ ಕರುಳನ್ನು ಒಳಗಿಂದ ನೋಡುವುದು. ಲಿವರ್ ಕಾಯಿಲೆಗೆ ಕರುಳಿನ ಪರೀಕ್ಷೆ ಯಾಕೆ? ಅವನಿಗೆ ಆಗೀಗ ಭೇದಿ ಆಗುತ್ತಿತ್ತು, ಅಷ್ಟೇ. ಮಾಡಿಸಿದರೆ ದೊಡ್ಡ ಕರುಳಿನ ಉದ್ದಕ್ಕೂ ಉರಿಯೂತ. ಅಲ್ಸರೇಟಿವ್ ಕೊಲೈಟಿಸ್. ಪಾಶ್ಚಾತ್ಯ ದೇಶಗಳಲ್ಲಿ ಪಿಎಸ್‌ಸಿ ಇರುವ 100 ಜನರಲ್ಲಿ ಸುಮಾರು 70 ಮಂದಿಗೆ ಇಂಥ ಕರುಳಿನ ಕಾಯಿಲೆ ಇರುತ್ತದಂತೆ. ನಮ್ಮಲ್ಲಿ ಕಡಿಮೆ.

ಅವತ್ತಿನಿಂದ ಓದುತ್ತಲೇ ಇದ್ದೇನೆ. ಲಿವರ್‌ಗೆ ಬರುವ ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ಬರುವುದು ಪೋರ್ಟಲ್ ರಕ್ತನಾಳದಿಂದ, ಬಹುಪಾಲು ಕರುಳನ್ನು ಹಾಯ್ದು. ಕರುಳಿನ ಒಳಪದರ ಸೋರಿದರೆ ಬ್ಯಾಕ್ಟೀರಿಯಾದ ಚೂರುಪಾರು ಮೊದಲು ಮುಟ್ಟುವುದು ಲಿವರನ್ನೇ. ಆ ಕಡೆಯಿಂದ ಪಿತ್ತ ಕರುಳಿಗೆ ಇಳಿಯುತ್ತದೆ. ಅಲ್ಲಿನ ಬ್ಯಾಕ್ಟೀರಿಯಾ ಪಿತ್ತದ ಆಮ್ಲಗಳನ್ನು ಬೇರೆ ರೂಪಕ್ಕೆ ತಿರುಗಿಸುತ್ತವೆ. ಆ ಆಮ್ಲಗಳಲ್ಲಿ ನೂರಕ್ಕೆ ಹೆಚ್ಚುಕಡಿಮೆ 95 ಭಾಗ ಮತ್ತೆ ಲಿವರ್‌ಗೇ ವಾಪಸ್ಸು. ದಿನಕ್ಕೆ ಎಷ್ಟೋ ಸಲ ಈ ಓಡಾಟ.

ಜಪಾನಿನ ಕೀಯೋ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದ ಕೆಲಸವನ್ನು ನಾನು ಎರಡು ಸಲ ಓದಿದೆ. ಪಿಎಸ್‌ಸಿ ಮತ್ತು ಕೊಲೈಟಿಸ್ ಎರಡೂ ಇರುವವರ ಮಲದ ಬ್ಯಾಕ್ಟೀರಿಯಾವನ್ನು, ಯಾವ ಸೂಕ್ಷ್ಮಜೀವಿಯೂ ಇಲ್ಲದಂತೆ ಬೆಳೆಸಿದ ಇಲಿಗಳಿಗೆ ಕೊಟ್ಟರು. ಅದರಲ್ಲಿದ್ದ ಕ್ಲೆಬ್ಸಿಯೆಲ್ಲಾ ನ್ಯುಮೋನಿಯೇ ಅನ್ನುವ ಬ್ಯಾಕ್ಟೀರಿಯಾ ಕರುಳಿನ ಒಳಪದರದ ಕೋಶಗಳಲ್ಲಿ ತೂತು ಮಾಡುತ್ತಿತ್ತು. ಇಲಿಗಳ ಲಿವರ್‌ನಲ್ಲಿ ಉರಿಯೂತ ಕೆರಳಿತು. ಹಾಗಂತ ಎಲ್ಲ ಬ್ಯಾಕ್ಟೀರಿಯಾವನ್ನೂ ಕೊಂದುಬಿಡೋಣ ಅನ್ನುವ ಹಾಗಿಲ್ಲ. ಇದೇ ಬಗೆಯ ಕಾಯಿಲೆ ಬರುವ ಇನ್ನೊಂದು ತಳಿಯ ಇಲಿಗಳನ್ನು ಬ್ಯಾಕ್ಟೀರಿಯಾ ಇಲ್ಲದೆ ಬೆಳೆಸಿದಾಗ ಕಾಯಿಲೆ ಇನ್ನೂ ಜೋರಾಯಿತು. ಅಂದರೆ ಕಾಯುವವೂ ಅಲ್ಲೇ ಇವೆ, ಅಲ್ವಾ?

ಇಷ್ಟೆಲ್ಲಾ ಬರೆಯಲು ಕಾರಣ ನಮ್ಮ ನೆಂಟರಿಷ್ಟರು. 'ಏನೋ ನಂಜು ತಿಂದಿದ್ದಾನೆ' ಅಂದರು ದೊಡ್ಡಮ್ಮ. 'ಕುಡೀತಾನಾ?' ಅಂತ ಇನ್ನೊಬ್ಬರು ಮೆಲ್ಲಗೆ ಕೇಳಿದರು. ಅವನು ಕುಡಿದವನೇ ಅಲ್ಲ. ಆ ಮಾತು ಕೇಳಿದ ದಿನ ಅವನು ಊಟ ಬಿಟ್ಟು ಎದ್ದುಹೋದ. ಕರುಳಿಗೂ ಲಿವರ್‌ಗೂ ನಂಟಿದೆ ಅಂದ ತಕ್ಷಣ, ಬದನೆಕಾಯಿ ತಿಂದಿದ್ದಕ್ಕೇ ಕಾಯಿಲೆ ಬಂತು ಅಂತ ಆಗುವುದಿಲ್ಲ. ಈ ಕಾಯಿಲೆಯಲ್ಲಿ ವಂಶವಾಹಿಗಳ ಪಾಲಿದೆ, ದೇಹದ ರೋಗನಿರೋಧಕ ವ್ಯವಸ್ಥೆಯ ಪಾಲಿದೆ. ಅವನ ತಪ್ಪು ಇದರಲ್ಲಿ ಏನೂ ಇಲ್ಲ.

ವಾಂಕೋಮೈಸಿನ್ ಅನ್ನುವ ಆಂಟಿಬಯೋಟಿಕ್ ನುಂಗಿದ ಕೆಲವು ರೋಗಿಗಳ, ಅದರಲ್ಲೂ ಮಕ್ಕಳ, ರಿಪೋರ್ಟು ಸುಧಾರಿಸಿದ್ದು ನಿಜ. ಆದರೂ ಪಿಎಸ್‌ಸಿಯನ್ನು ನಿಲ್ಲಿಸುತ್ತದೆ ಎಂದು ಸಾಬೀತಾದ ಔಷಧಿ ಇನ್ನೂ ಇಲ್ಲ. ವಾಟ್ಸಾಪ್ ನೋಡಿ ಯಾರೂ ತಾವಾಗೇ ಶುರು ಮಾಡಬೇಡಿ, ದಯವಿಟ್ಟು. ನಾನೂ ಒಮ್ಮೆ ದುಬಾರಿ ಪ್ರೋಬಯೋಟಿಕ್ (ಒಳ್ಳೆಯ ಬ್ಯಾಕ್ಟೀರಿಯಾ ತುಂಬಿದ ಮಾತ್ರೆ) ಡಬ್ಬಿ ಹಿಡಿದು ಡಾಕ್ಟರ ಮುಂದೆ ನಿಂತಿದ್ದೆ. 'ಮೊಸರನ್ನ ಇಷ್ಟವಾದರೆ ತಿನ್ನಲಿ, ಇದಕ್ಕೆ ದುಡ್ಡು ಹಾಕಬೇಡಮ್ಮ' ಅಂದರು. ವರ್ಷಕ್ಕೊಂದು ಕೊಲೊನೋಸ್ಕೋಪಿ ಮಾತ್ರ ತಪ್ಪಿಸಬಾರದು, ಎರಡೂ ಕಾಯಿಲೆ ಇದ್ದವರಿಗೆ ಕರುಳಿನ ಕ್ಯಾನ್ಸರಿನ ಅಪಾಯ ಜಾಸ್ತಿ ಅಂತ ಒತ್ತಿ ಹೇಳಿದರು.

ಈ ವರ್ಷದ್ದು ನಾಳೆ ಇದೆ. ಪರೀಕ್ಷೆಗೆ ಮೊದಲು ಕರುಳು ಖಾಲಿ ಮಾಡಲು ಕುಡಿಯಬೇಕಾದ, ಔಷಧಿಯ ಪುಡಿ ಕದಡಿದ ನೀರು ಅವನ ಮುಂದಿದೆ. ಪಕ್ಕದಲ್ಲಿ ಅಪ್ಪ ತೋಟದಿಂದ ತಂದ ಎಳನೀರು. 'ಅಕ್ಕಾ, ಇನ್ನೆರಡು ಲೋಟ ಅಷ್ಟೇ' ಅಂತಿದ್ದಾನೆ. ನಾನು ಎಣಿಸುತ್ತಾ ಕೂತಿದ್ದೇನೆ.