ಎಎಫ್‌ಎಸ್ ಡೈರೆಕ್ಟರಿ ತುಂಬಿದಾಗ ಹೆಸರಿನ ಉದ್ದ ನೋಡಿ

ಓಪನ್‌ಎಎಫ್‌ಎಸ್‌ನಲ್ಲಿ (ನೆಟ್‌ವರ್ಕ್ ಮೂಲಕ ಫೈಲ್ ಹಂಚಿಕೊಳ್ಳುವ ಎಎಫ್‌ಎಸ್ ವ್ಯವಸ್ಥೆಯ ಮುಕ್ತ ಆವೃತ್ತಿ) ನಾಲ್ಕು ಸಾಲಿನ ಫೈಲ್ ಉಳಿಸಲು ಹೋದರೂ ‘ಫೈಲ್ ಟೂ ಲಾರ್ಜ್’ ಎಂಬ ಎರರ್ ಬರುತ್ತಿದೆಯೇ? ‘ಎಫ್‌ಎಸ್ ಲಿಸ್ಟ್‌ಕೋಟಾ’ ಕಮಾಂಡ್ ಕೊಟ್ಟು ವಾಲ್ಯೂಮ್‌ನಲ್ಲಿ (ಫೈಲ್‌ಗಳನ್ನು ಒಟ್ಟಾಗಿ ಇಡುವ ಘಟಕ) ಜಾಗ ಇದೆಯೆಂದು ಖಚಿತವಾದರೆ, ತುಂಬಿರುವುದು ಡೈರೆಕ್ಟರಿ ಎಂದೇ ಹಿಡಿಯಿರಿ. ‘ಎಲ್‌ಎಸ್’ಗೆ ‘ಎಲ್‌ಡಿ’ ಆಯ್ಕೆ ಸೇರಿಸಿ ಡೈರೆಕ್ಟರಿಯದೇ ಗಾತ್ರ ನೋಡಿ. ಅದು 2,048 ಬೈಟ್‌ಗಳ ಪುಟಗಳಲ್ಲಿ ಬೆಳೆಯುತ್ತದೆ. 1,023 ಪುಟಕ್ಕೆ, ಅಂದರೆ 20,95,104 ಬೈಟ್‌ಗೆ ನಿಲ್ಲುತ್ತದೆ.

‘ಒಂದು ಡೈರೆಕ್ಟರಿಗೆ 64,000 ಫೈಲ್’ ಎಂದು ಎಲ್ಲರೂ ಹೇಳುವುದು ಹೆಸರು 15 ಬೈಟ್‌ನೊಳಗೆ ಇದ್ದರೆ ಮಾತ್ರ ನಿಜ. ಪ್ರತಿ ಪುಟದಲ್ಲಿ 32 ಬೈಟ್‌ನ 64 ಸ್ಲಾಟ್‌ಗಳು (ಹೆಸರು ಕೂರುವ ಖಾನೆಗಳು), ಅದರಲ್ಲಿ ಒಂದು ಹೆಡರ್‌ಗೆ ಮೀಸಲು. 15 ಬೈಟ್‌ವರೆಗಿನ ಹೆಸರಿಗೆ ಒಂದು ಸ್ಲಾಟ್, 16ರಿಂದ 47ಕ್ಕೆ ಎರಡು, 48ರಿಂದ 79ಕ್ಕೆ ಮೂರು. ಒಂದೊಂದು ಮಿಂಚಂಚೆಯನ್ನೂ ಒಂದೊಂದು ಫೈಲ್ ಆಗಿ ಇಡುವ ಮೇಲ್‌ಡಿರ್‌ನಂಥ ಕಡೆಯ ಉದ್ದ ಹೆಸರುಗಳಿಗೆ ಮೂರು ಸ್ಲಾಟ್ ಹಿಡಿದರೆ ಸುಮಾರು 21,000ಕ್ಕೇ ಬಾಗಿಲು ಮುಚ್ಚುತ್ತದೆ. ಕನ್ನಡದಲ್ಲಿ ಹೆಸರಿಡುವವರು ಇದನ್ನು ಮರೆಯಲೇಬಾರದು: ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್, ಒತ್ತು, ಗುಣಿತದ ಚಿಹ್ನೆಗಳೂ ಸೇರಿ. ‘ಕನ್ನಡ’ ಎಂಬಷ್ಟಕ್ಕೇ 15 ಬೈಟ್ ಮುಗಿಯಿತು. ಅದಕ್ಕೊಂದು ಎಕ್ಸ್‌ಟೆನ್ಷನ್ ಸೇರಿದರೆ ಎರಡು ಸ್ಲಾಟ್.

ಕೆಲವು ಫೈಲ್ ಅಳಿಸಿದರೂ ಉದ್ದ ಹೆಸರು ಹಿಡಿಯದೇ ಹೋಗಬಹುದು. ಒಂದು ಹೆಸರಿನ ಸ್ಲಾಟ್‌ಗಳು ಒಂದೇ ಪುಟದಲ್ಲಿ ಅಕ್ಕಪಕ್ಕ ಇರಬೇಕು. ಬಿಡಿಬಿಡಿಯಾಗಿ ಖಾಲಿಯಾದವು ಚಿಕ್ಕ ಹೆಸರಿಗಷ್ಟೇ ಆದಾವು. ಅಡ್ಮಿನ್ ದುರಸ್ತಿ ಕಮಾಂಡ್ ‘ಬಾಸ್ ಸಾಲ್ವೇಜ್’ ಅನ್ನು ‘ಸಾಲ್ವೇಜ್‌ಡಿರ್ಸ್’ ಆಯ್ಕೆಯೊಂದಿಗೆ ಓಡಿಸಿದರೆ ಡೈರೆಕ್ಟರಿ ಹೊಸದಾಗಿ ಕಟ್ಟಲ್ಪಡುತ್ತದೆ, ಆದರೆ ಅಷ್ಟು ಹೊತ್ತು ವಾಲ್ಯೂಮ್ ಆಫ್‌ಲೈನ್.

ಶಾಶ್ವತ ಪರಿಹಾರ ಫೈಲ್‌ಗಳನ್ನು ಹಂಚುವುದೇ. ಹೆಸರಿನ ಹ್ಯಾಶ್‌ನ (ಹೆಸರಿನಿಂದ ಲೆಕ್ಕ ಹಾಕಿ ಬರುವ ಸಂಖ್ಯೆ) ಮೊದಲ ಎರಡು ಹೆಕ್ಸ್ ಅಂಕಿಗಳಿಂದ 256 ಒಳಡೈರೆಕ್ಟರಿ ಮಾಡಿ. ಹತ್ತು ಲಕ್ಷ ಫೈಲ್ ಇದ್ದರೂ ಒಂದೊಂದರಲ್ಲಿ ಸರಾಸರಿ 3,900ರಷ್ಟೇ. ಡೈರೆಕ್ಟರಿಯ ಹ್ಯಾಶ್ ಟೇಬಲ್‌ನಲ್ಲಿ 128 ಸಾಲುಗಳಷ್ಟೇ ಇರುವುದರಿಂದ, ಫೈಲ್ ಕಡಿಮೆಯಾದಷ್ಟೂ ಹುಡುಕಾಟವೂ ಚುರುಕಾಗುತ್ತದೆ. ಮೊದಲು ಮೂಲ ಡೈರೆಕ್ಟರಿಯ ಎಸಿಎಲ್ (ಯಾರಿಗೆ ಏನು ಅನುಮತಿ ಎಂಬ ಪಟ್ಟಿ) ಸರಿಪಡಿಸಿ, ಆಮೇಲೆ ಒಳಗಿನವನ್ನು ಸೃಷ್ಟಿಸಿ: ಹುಟ್ಟುವಾಗ ಇದ್ದ ಎಸಿಎಲ್ ಅವಕ್ಕೆ ನಕಲಾಗುತ್ತದೆ, ನಂತರದ ಬದಲಾವಣೆ ತಾನಾಗಿ ಇಳಿಯುವುದಿಲ್ಲ. ಒಂದೇ ವಾಲ್ಯೂಮ್‌ನೊಳಗೆ ‘ಎಂವಿ’ ಬರೀ ಹೆಸರು ಬದಲಿಸುತ್ತದೆ. ಮೌಂಟ್ ಪಾಯಿಂಟ್ (ಇನ್ನೊಂದು ವಾಲ್ಯೂಮ್ ಜೋಡಿಸಿರುವ ಜಾಗ) ದಾಟಿದರೆ ಪೂರ್ತಿ ನಕಲು ಮಾಡಬೇಕಾಗುತ್ತದೆ, ಸಮಯ ಹಿಡಿಯುತ್ತದೆ. ಹಾರ್ಡ್ ಲಿಂಕ್ (ಒಂದೇ ಫೈಲ್‌ಗೆ ಇನ್ನೊಂದು ಹೆಸರು) ನೆಚ್ಚಿಕೊಂಡ ಸ್ಕ್ರಿಪ್ಟ್‌ಗಳನ್ನೂ ತಿದ್ದಿ, ಎಎಫ್‌ಎಸ್‌ನಲ್ಲಿ ಆ ಲಿಂಕ್‌ಗಳು ಡೈರೆಕ್ಟರಿ ದಾಟುವಂತಿಲ್ಲ.