ಡಿ.ಓ. ಓದಿದರೆ ಸ್ಕಾಲರ್‌ಶಿಪ್ ಸಿಗಲ್ವಾ?

ಅಮೆರಿಕದಲ್ಲಿರುವ ನಮ್ಮವರು ಸಿಕ್ಕಾಗಲೆಲ್ಲ ಕೇಳುವ ಪ್ರಶ್ನೆ ಇದು. ಮಗಳಿಗೋ ಮಗನಿಗೋ ಡಿ.ಓ., ಅಂದರೆ ಆಸ್ಟಿಯೋಪಥಿಕ್ ಕಾಲೇಜಿನಲ್ಲಿ ಸೀಟು ಸಿಕ್ಕಿರುತ್ತದೆ. ಯಾರೋ ಹೇಳಿರುತ್ತಾರೆ, ದುಡ್ಡೆಲ್ಲ ಎಂ.ಡಿ. ಓದುವವರಿಗೇ ಹೋಗುತ್ತೆ ಅಂತ. (ಅಲ್ಲಿ ಎಂ.ಡಿ. ಅಂದರೆ ನಮ್ಮ ಎಂ.ಬಿ.ಬಿ.ಎಸ್. ಥರದ ಮಾಮೂಲಿ ಡಾಕ್ಟರ್ ಪದವಿ. ಡಿ.ಓ. ಕೂಡ ಪೂರ್ತಿ ಡಾಕ್ಟರೇ. ಮೂಳೆ ನೀವುವ ವೈದ್ಯ ಅಂದುಕೊಳ್ಳಬೇಡಿ.)

ಸರ್ಕಾರದ ದುಡ್ಡಿಗೆ ಈ ಭೇದ ಇಲ್ಲ. ಡಾಕ್ಟರುಗಳ ಕೊರತೆ ಇರುವ ಊರಲ್ಲಿ ಕೆಲಸ ಮಾಡುತ್ತೇನೆ ಅಂದರೆ ನ್ಯಾಷನಲ್ ಹೆಲ್ತ್ ಸರ್ವಿಸ್ ಕಾರ್ಪ್ಸ್ ಅನ್ನುವ ಸರ್ಕಾರಿ ಯೋಜನೆ ಫೀಸು ಕಟ್ಟುತ್ತದೆ. ಸೈನ್ಯದಲ್ಲಿ ದುಡಿಯುತ್ತೇನೆ ಅಂದರೆ ಅವರೂ ಕಟ್ಟುತ್ತಾರೆ. ಎಂ.ಡಿ., ಡಿ.ಓ. ಇಬ್ಬರಿಗೂ ಒಂದೇ ನಿಯಮ, ಆದರೆ ಅಮೆರಿಕದ ಪೌರರಾಗಿರಬೇಕು. ಸರ್ಕಾರಿ ಸಾಲ ಗ್ರೀನ್ ಕಾರ್ಡ್ ಇದ್ದವರಿಗೂ ಸಿಗುತ್ತದೆ. ಅಪ್ಪ-ಅಮ್ಮನ ಕೆಲಸದ ವೀಸಾ ಜೊತೆ ಸಿಗುವ ಎಚ್-4 ವೀಸಾದಲ್ಲಿ ಬೆಳೆದ ಮಕ್ಕಳಿಗೆ ಅದೂ ಇಲ್ಲ. ಅಲ್ಲೇ ಶಾಲೆ ಕಲಿತು ಬೆಳೆದ ಮಕ್ಕಳು ಇವರು. ನನಗೆ ತುಂಬ ಬೇಜಾರಾಗುವುದು ಇದಕ್ಕೇ.

ವ್ಯತ್ಯಾಸ ಇರುವುದು ಕಾಲೇಜಿನ ಸ್ವಂತ ಗಂಟಿನಲ್ಲಿ. ಎನ್‌ವೈಯು (ನ್ಯೂಯಾರ್ಕ್ ಯೂನಿವರ್ಸಿಟಿ) 2018ರಲ್ಲಿ ಎಲ್ಲ ವೈದ್ಯ ವಿದ್ಯಾರ್ಥಿಗಳ ಟ್ಯೂಷನ್ ಫೀಸು ತೆಗೆದುಹಾಕಿತು. 2024ರಲ್ಲಿ ಅದೇ ನ್ಯೂಯಾರ್ಕಿನ ಬ್ರಾಂಕ್ಸ್‌ನ ಐನ್‌ಸ್ಟೈನ್ ಕಾಲೇಜಿಗೆ ಅಲ್ಲೇ ಪ್ರಾಧ್ಯಾಪಕಿಯಾಗಿದ್ದ ರೂತ್ ಗಾಟ್ಸ್‌ಮನ್ ನೂರು ಕೋಟಿ ಡಾಲರ್ ಕೊಟ್ಟರು, ಅಲ್ಲೂ ಫೀಸು ಹೋಯಿತು. ಇವೆಲ್ಲ ಎಂ.ಡಿ. ಕಾಲೇಜುಗಳು. ಮೊದಲ ಆಸ್ಟಿಯೋಪಥಿಕ್ ಕಾಲೇಜು 1892ರಲ್ಲೇ ಶುರುವಾದರೂ, ಇವತ್ತಿನ ಡಿ.ಓ. ಕಾಲೇಜುಗಳಲ್ಲಿ ಬಹಳಷ್ಟು ಇತ್ತೀಚಿನವು, ಖಾಸಗಿಯವು. ಓದಿ ಹೊರಬಿದ್ದವರು ಇನ್ನೂ ತಮ್ಮ ಸಾಲವನ್ನೇ ತೀರಿಸುತ್ತಿರುತ್ತಾರೆ, ಕಾಲೇಜಿಗೆ ದಾನ ಕೊಡುವುದೆಲ್ಲಿಂದ?

ಆದರೆ ಮಿಷಿಗನ್ ಸ್ಟೇಟ್, ಓಹಾಯೋ, ಒಕ್ಲಹೋಮ ಸ್ಟೇಟ್, ಫೋರ್ಟ್ ವರ್ತ್‌ನ ಟೆಕ್ಸಸ್ ಕಾಲೇಜು, ಇವು ಸರ್ಕಾರಿ ಡಿ.ಓ. ಕಾಲೇಜುಗಳು. ಟೆಕ್ಸಸ್‌ನವರಿಗೆ ಅಲ್ಲಿಯ ಫೀಸು ಎಷ್ಟೋ ಖಾಸಗಿ ಎಂ.ಡಿ. ಕಾಲೇಜುಗಳಿಗಿಂತ ತೀರಾ ಕಡಿಮೆ. ಹಾಗಾಗಿ ಎಂ.ಡಿ.ಯಾ ಡಿ.ಓ.ನಾ ಅನ್ನುವುದಕ್ಕಿಂತ ಯಾವ ಕಾಲೇಜು, ನಿಮ್ಮ ರಾಜ್ಯದ್ದಾ ಅಂತ ನೋಡಿ. 2026ರ ಜುಲೈ 1ರಿಂದ ಇದು ಇನ್ನೂ ಮುಖ್ಯ. ಹೊಸದಾಗಿ ಸಾಲ ತೆಗೆಯುವವರಿಗೆ ಓದಿನ ಪೂರ್ತಿ ಖರ್ಚಿನವರೆಗೂ ಸಿಗುತ್ತಿದ್ದ ಗ್ರ್ಯಾಡ್ ಪ್ಲಸ್ ಅನ್ನುವ ಸರ್ಕಾರಿ ಸಾಲ ಇಲ್ಲ. ಸರ್ಕಾರಿ ಸಾಲ ವರ್ಷಕ್ಕೆ 50,000 ಡಾಲರ್, ಒಟ್ಟು 2 ಲಕ್ಷ ಡಾಲರ್, ಅಷ್ಟೇ. ಎಷ್ಟೋ ಖಾಸಗಿ ಕಾಲೇಜುಗಳಲ್ಲಿ ಬರೀ ಫೀಸಿಗೇ ಅದು ಸಾಲದು.

ನಮ್ಮ ಅಕ್ಕನ ಮಗಳಿಗೆ ಒಂದು ಖಾಸಗಿ ಕಾಲೇಜಿನಿಂದ ಹಣಸಹಾಯದ ಪತ್ರ ಬಂದಾಗ ಭಾವ ಖುಷಿಯಿಂದ ಫೋನ್ ಮಾಡಿದ್ದರು. "ಪೂರ್ತಿ ಖರ್ಚು ಅವರೇ ಕೊಡ್ತಾರಂತಮ್ಮಾ!" ಮೇಲೆ ದಪ್ಪಕ್ಷರದಲ್ಲಿ 'ಅವಾರ್ಡ್' ಅಂತಲೇ ಇತ್ತು. ಊಟದ ಟೇಬಲ್ ಮೇಲೆ ಅದನ್ನು ಹರಡಿಕೊಂಡು, 'ಲೋನ್' ಅಂತ ಇದ್ದ ಕಡೆಯೆಲ್ಲ ಪೆನ್ಸಿಲ್‌ನಲ್ಲಿ ಗೀಟು ಹಾಕುತ್ತಾ ಬಂದೆವು. ಕೊನೆಗೆ ಉಳಿದದ್ದು 5,000 ಡಾಲರ್. ಮಿಕ್ಕಿದ್ದೆಲ್ಲ ದುಡ್ಡು ಕೈಗೆ ಬಂದ ದಿನದಿಂದಲೇ ಬಡ್ಡಿ ಓಡುವ ಸಾಲ. ಅಕ್ಕ ಎದ್ದು ಹೋಗಿ ಸುಮ್ನೆ ಕಾಫಿಗೆ ಇಟ್ಟಳು.

ಹುಡುಗಿ ಕಾಲೇಜಿಗೆ ಒಂದೇ ಪ್ರಶ್ನೆ ಬರೆದಳು: ಆ 5,000 ನಾಲ್ಕು ವರ್ಷವೂ ಬರುತ್ತಾ? ಮಾರನೇ ದಿನ ಉತ್ತರ ಬಂತು, ಮೊದಲ ವರ್ಷ ಮಾತ್ರ. ಅವಳೀಗ ತನ್ನ ರಾಜ್ಯದ ಸರ್ಕಾರಿ ಡಿ.ಓ. ಕಾಲೇಜಿನಲ್ಲಿ ಎರಡನೇ ವರ್ಷದಲ್ಲಿದ್ದಾಳೆ.